ಬಸ್ಸಾರಿನ ಕಟ್ಟು, ಜಪಾನಿನ ದಾಶಿ ಮತ್ತು ಟೇಸ್ಟಿಂಗ್ ಪೌಡರ್

ಇವತ್ತಿನ ಕಥೆ ಶುರುವಾಗೋದು ನಮ್ಮ ಸಿದ್ದಾಪುರದ ಒಂದು ಗೋಬಿ ಗಾಡಿಯಿಂದ. ಗಾಡಿ ನಮ್ಮ ಚಿಕ್ಕಪ್ಪಂದು.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸ್ತು. ಊರಲ್ಲಿ ಹಬ್ಬಿದ ಸುದ್ದಿ ಮಾತ್ರ ಬೇರೆ: "ಟೇಸ್ಟಿಂಗ್ ಪೌಡರ್ ವಿಷ ಅಂತೆ!" ಬಣ್ಣವನ್ನೇ ಮುಟ್ಟದ ಚಿಕ್ಕಪ್ಪನ ಗಾಡಿ ಹತ್ರಾನೂ ಒಂದು ತಿಂಗಳು ಜನ ಸುಳೀಲಿಲ್ಲ. ನಮ್ಮವ್ವನೇ "ಅಲ್ಲಿ ತಿನ್ಬೇಡ ಕಣೋ" ಅಂದ್ಲು. ನಾನು ಓದಿದ್ದು ಬಿಕಾಂ, ಕೆಮಿಸ್ಟ್ರಿ ಅಲ್ಲ. ಆದ್ರೂ ಆ ಬಿಳಿ ಪುಡಿಯ ಜಾತಕ ಹುಡುಕೋಕೆ ಕೂತೆ.

ಜಾತಕ ಸಿಕ್ಕಿದ್ದು ಜಪಾನಿನ ಅಡುಗೆಮನೆಯಲ್ಲಿ. ಅಲ್ಲಿನ ಎಷ್ಟೋ ಅಡುಗೆಗೆ ಬುನಾದಿ 'ದಾಶಿ' ಅನ್ನೋ ತಿಳಿ ರಸ. 'ಕೊಂಬು' ಅನ್ನೋ ಒಣಗಿಸಿದ ಕಡಲ ಪಾಚಿಯನ್ನ ನೀರಲ್ಲಿ ಕಾಯಿಸಿ, ರುಚಿ ಬಿಟ್ಟ ಮೇಲೆ ತೆಗೀತಾರೆ. ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆ ಥರ ಗಟ್ಟಿಯಾಗಿಸಿದ ಮೀನು 'ಕತ್ಸುವೊಬುಶಿ'. ಅದನ್ನ ತೆಳ್ಳಗೆ ಹೆರೆದು ಹಾಕಿ, ಸೋಸ್ತಾರೆ. ಇದನ್ನ ಓದಿದಾಗ ನಂಗೆ ನೆನಪಾಗಿದ್ದು ಅವ್ವನ ಬಸ್ಸಾರು. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟನ್ನ ನಾವು ಚೆಲ್ತೀವಾ? ಮುದ್ದೆಗೆ ಸಾರಾಗೋದೇ ಅದು.

ಕೊಂಬು ಬೆಳೆಯೋದು ಉತ್ತರದ ಹೊಕ್ಕೈಡೊದ ತಣ್ಣನೆ ಕಡಲಲ್ಲಿ. ಎಡೊ ಕಾಲದಲ್ಲಿ ವ್ಯಾಪಾರಿ ಹಡಗುಗಳು ಅದನ್ನ ದೂರದ ಒಸಾಕಾಗೆ ತರ್ತಿದ್ವು. ದಾಶಿಯ ಹಿಂದೆ ದೊಡ್ಡ ಮಾರುಕಟ್ಟೆಯೇ ಇತ್ತು.

1908ರಲ್ಲಿ ಟೋಕಿಯೊದ ರಸಾಯನ ಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಒಂದು ಪ್ರಶ್ನೆ ಹಿಡಿದರು. ದಾಶಿಯ ರುಚಿ ಸಿಹಿ ಅಲ್ಲ, ಹುಳಿ ಅಲ್ಲ, ಉಪ್ಪಲ್ಲ, ಕಹಿಯೂ ಅಲ್ಲ. ಹಾಗಾದ್ರೆ ಏನು? ಕೊಂಬುನಿಂದ ಅವರು ಗ್ಲುಟಮೇಟ್ ಬೇರ್ಪಡಿಸಿದ್ರು, ಆ ರುಚಿಗೆ 'ಉಮಾಮಿ' ಅಂತ ಹೆಸರಿಟ್ರು. 1909ರಲ್ಲೇ ಅದು 'ಅಜಿನೊಮೊಟೊ' ಹೆಸರಲ್ಲಿ ಅಂಗಡಿಗೆ ಬಂತು. ಅರ್ಥ, ರುಚಿಯ ಮೂಲ. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಾಮಾ ಕತ್ಸುವೊಬುಶಿಯ ರುಚಿಗೆ ಇನೋಸಿನೇಟ್ ಕಾರಣ ಅಂತ ತೋರಿಸಿದ್ರು. ಎರಡೂ ಸೇರಿದ್ರೆ ರುಚಿ ಹಲವು ಪಟ್ಟು ಏರುತ್ತೆ. ಅಡುಗೆ ಮಾಡೋರಿಗೆ ಇದು ಮೊದ್ಲೇ ಗೊತ್ತಿತ್ತು, ವಿಜ್ಞಾನಕ್ಕೆ ಆಮೇಲೆ ಗೊತ್ತಾಯ್ತು.

ಹಾಗಾದ್ರೆ ಈ ಭಯ ಎಲ್ಲಿಂದ ಬಂತು? 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಒಬ್ಬ ವೈದ್ಯರು ಪತ್ರ ಬರೆದ್ರು. ಚೈನೀಸ್ ಹೋಟೆಲಲ್ಲಿ ಉಂಡ್ರೆ ಕತ್ತು ಜೋಮು ಹಿಡಿಯುತ್ತೆ, ಎದೆ ಬಡಿತ ಏರುತ್ತೆ ಅಂತ. ಅವರು ಅನುಮಾನ ಪಟ್ಟ ಹಲವು ಕಾರಣಗಳಲ್ಲಿ ಈ ಪುಡಿಯೂ ಒಂದು, ಅಷ್ಟೇ. ಪತ್ರ ಮರೆತುಹೋಯ್ತು, ಪುಡಿಗೆ ಅಂಟಿದ ಕಳಂಕ ಉಳೀತು. ಮುಂದೆ ನಡೆದ ಪರೀಕ್ಷೆಗಳಲ್ಲಿ, ಮಾಮೂಲಿ ಊಟದ ಪ್ರಮಾಣಕ್ಕೆ ಆ ದೂರು ಗಟ್ಟಿಯಾಗಿ ನಿಲ್ಲಲಿಲ್ಲ. ಹಾಗಂತ ಸುರ್ಕೊಂಡು ತಿನ್ನಿ ಅಂತಲ್ಲ, ಅದ್ರಲ್ಲೂ ಸೋಡಿಯಂ ಇದೆ. ಆದ್ರೆ ಸಾರಿಗೆ ಹಾಕೋ ಹಣ್ಣು ಟೊಮೆಟೊದಲ್ಲಿರೋದೂ ಇದೇ ಗ್ಲುಟಮೇಟ್.

ಇಷ್ಟೆಲ್ಲ ಹೇಳಿದ್ಮೇಲೆ ಅವ್ವ ಕೇಳಿದ್ದು ಒಂದೇ: "ಅಂದ್ರೆ ಜಪಾನಿನೋರೂ ಕಟ್ಟು ಚೆಲ್ಲಲ್ಲ ಅನ್ನು?"

ಚಿಕ್ಕಪ್ಪ ಈಗ ಗಾಡಿ ಮೇಲೆ 'ಬಣ್ಣ ಹಾಕುವುದಿಲ್ಲ' ಅಂತ ಬರೆಸಿದ್ದಾರೆ. ಪೌಡರ್ ಬಗ್ಗೆ ಬರೆಸೋ ಧೈರ್ಯ ಇನ್ನೂ ಬಂದಿಲ್ಲ. ಈ ಸಂಚಿಕೆನ ಮೊದ್ಲು ಅವರ ಗಿರಾಕಿಗಳಿಗೇ ಕಳಿಸ್ತೀನಿ. ಮುಂದಿನ ವಾರ ಸಿಗೋಣ.