ಟ್ರಾಮಿಗೆ ಎಡೆಗೊಟ್ಟ ಕಾಂತಸೂಜಿ

ಹಿಂಜವಾಡಿಯ ನಮ್ಮ ಕನ್ನಡ ಬಳಗ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತದೆ. ಕಳೆದ ಸಲ ಸೇರಿದ ಮನೆಯ ಕಿಟಕಿಯಾಚೆ ಹೈಟೆನ್ಷನ್ ತಂತಿಗಳು ಹಾದುಹೋಗಿದ್ದವು. ಐದು ತಿಂಗಳ ಗರ್ಭಿಣಿಯಾದ ತಂಗಿಯೊಬ್ಬಳು ಅವುಗಳನ್ನೇ ದಿಟ್ಟಿಸುತ್ತ, “ಇದರಿಂದ ಮಗುವಿಗೆ ಏನಾದರೂ ಆಗುತ್ತದೆಯೇ?” ಎಂದು ಕೇಳಿದಳು. ಪಕ್ಕದಲ್ಲಿದ್ದ ಹಿರಿಯರು, “ತಂತಿಯ ಮಾತು ಹಾಗಿರಲಿ, ಉತ್ತರಕ್ಕೆ ತಲೆ ಹಾಕಿ ಮಾತ್ರ ಮಲಗಬೇಡಮ್ಮ. ಭೂಮಿಯ ಅಯಸ್ಕಾಂತ ರಕ್ತದ ಕಬ್ಬಿಣವನ್ನು ಸೆಳೆಯುತ್ತದೆ” ಎಂದರು. ಅವಳಿಗೆ ನಾವು ಆಗ ಕೊಟ್ಟದ್ದು ಸಮಾಧಾನವೇ ಹೊರತು ಉತ್ತರವಲ್ಲ. ಆ ಸಾಲವನ್ನು ತೀರಿಸಲೆಂದು ಈ ಲೇಖನ.

ಕಥೆ ನಮ್ಮ ನೆರೆಯ ಮುಂಬಯಿಯಿಂದಲೇ ಆರಂಭವಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕೊಲಾಬಾದಲ್ಲಿ ಸ್ಥಾಪಿಸಿದ ವೀಕ್ಷಣಾಲಯದಲ್ಲಿ 1841ರಿಂದ ಭೂಕಾಂತತ್ವದ ಕ್ರಮಬದ್ಧ ಅಳತೆ ನಡೆಯಿತು. 1859ರ ಸೆಪ್ಟೆಂಬರಿನಲ್ಲಿ ಸೂರ್ಯನಿಂದ ಎರಗಿದ ಮಹಾ ಕಾಂತಬಿರುಗಾಳಿಯನ್ನು ಇಲ್ಲಿನ ಉಪಕರಣಗಳು ದಾಖಲಿಸಿದವು. ಇಂದಿನ ವಿಜ್ಞಾನಿಗಳು ಆ ದಾಖಲೆಯನ್ನು ಈಗಲೂ ತೆರೆದು ನೋಡುತ್ತಾರೆ. ಶತಮಾನದ ಕೊನೆಗೆ ಮುಂಬಯಿಯ ಕುದುರೆ ಟ್ರಾಮುಗಳನ್ನು ವಿದ್ಯುತ್ತಿನಿಂದ ಓಡಿಸುವ ಮಾತು ಬಂದಿತು. ಟ್ರಾಮಿನ ಹಳಿಗಳಿಂದ ನೆಲಕ್ಕೆ ಸೋರುವ ವಿದ್ಯುತ್ತು ಸೂಜಿಯನ್ನು ಕದಲಿಸುವುದು ಖಚಿತವಾಗಿತ್ತು. ಆಗ ನಿರ್ದೇಶಕರಾಗಿದ್ದವರು, ಆ ಹುದ್ದೆಗೇರಿದ ಮೊದಲ ಭಾರತೀಯರಾದ ನಾನಾಭಾಯ್ ಫ್ರಾಮಜಿ ಮೂಸ್. ಅವರು ಸಮುದ್ರದಾಚೆಯ ಅಲಿಬಾಗಿನಲ್ಲಿ ಕಾಂತಗುಣವಿಲ್ಲದ ಕಲ್ಲಿನಿಂದ ಹೊಸ ವೀಕ್ಷಣಾಲಯವನ್ನು ಕಟ್ಟಿಸಿದರು. 1904ರಿಂದ 1906ರವರೆಗೆ ಎರಡೂ ಕಡೆ ಏಕಕಾಲಕ್ಕೆ ಅಳೆದು, ಹಳೆಯ ದಾಖಲೆಗೆ ಹೊಸದನ್ನು ಬೆಸೆದ ಮೇಲೆಯೇ ಕೊಲಾಬಾದ ಕಾಂತಮಾಪನವನ್ನು ನಿಲ್ಲಿಸಲಾಯಿತು. 1907ರಲ್ಲಿ ವಿದ್ಯುತ್ ಟ್ರಾಮು ಓಡಿತು. ನಗರದ ವಿದ್ಯುತ್ತು ಭೂಮಿಯ ಮೆಲುದನಿಯನ್ನು ಮುಚ್ಚಿಬಿಡಬಲ್ಲದೆಂದು ನಮ್ಮ ನಾಡು ಅರಿತದ್ದು ಹೀಗೆ.

ಸೂಜಿಗೆ ತಟ್ಟುವುದು ಜೀವಕ್ಕೂ ತಟ್ಟುವುದೇ? ಈ ಪ್ರಶ್ನೆ ಇನ್ನೂ ಹಳೆಯದು. ಜೀವದ್ರವ್ಯದ ಅಣುಗಳಲ್ಲಿ ಕಾಣುವ ಎಡ-ಬಲಗಳ ಭೇದಕ್ಕೆ ಪ್ರಕೃತಿಯ ಯಾವುದೋ ಬಲ ಕಾರಣವಿರಬೇಕೆಂದು ಊಹಿಸಿದ ಲೂಯಿ ಪಾಶ್ಚರ್, 1850ರ ದಶಕದಲ್ಲಿ ಪ್ರಬಲ ಅಯಸ್ಕಾಂತಗಳನ್ನು ಬಳಸಿ ಪ್ರಯೋಗ ಮಾಡಿದನು. ಅವನಿಗೆ ಫಲ ದೊರೆಯಲಿಲ್ಲ. ಹಿರಿಯರು ಹೇಳಿದ ರಕ್ತದ ಕಬ್ಬಿಣದ ಮಾತಿಗೆ ಉತ್ತರ ಸಿಕ್ಕಿದ್ದು 1936ರಲ್ಲಿ. ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ರಕ್ತದ ಹಿಮೋಗ್ಲೋಬಿನ್ನನ್ನು ಪರೀಕ್ಷಿಸಿದರು. ಆಮ್ಲಜನಕ ತುಂಬಿದ್ದಾಗ ಅದು ಅಯಸ್ಕಾಂತದಿಂದ ಅತ್ಯಲ್ಪವಾಗಿ ದೂರ ಸರಿಯುತ್ತದೆ. ಆಮ್ಲಜನಕ ಕಳೆದುಕೊಂಡಾಗ ಅತ್ಯಲ್ಪವಾಗಿ ಸೆಳೆಯಲ್ಪಡುತ್ತದೆ. ರಕ್ತದಲ್ಲಿರುವ ಕಬ್ಬಿಣ ಮೊಳೆಯ ಕಬ್ಬಿಣದಂತಲ್ಲ. ಭೂಮಿಯ ಕ್ಷೇತ್ರಕ್ಕಿಂತ ಹತ್ತಾರು ಸಾವಿರ ಪಟ್ಟು ಬಲವಾದ ಎಂಆರ್‌ಐ ಯಂತ್ರದೊಳಗೆ ಮಲಗಿದಾಗಲೂ ನಮ್ಮ ರಕ್ತ ತಲೆಯ ಕಡೆ ನುಗ್ಗುವುದಿಲ್ಲ. ಉತ್ತರಕ್ಕೆ ತಲೆಯಿಟ್ಟು ಮಲಗಿದ ಆನೆಯ ಶಿರ ಗಣಪತಿಗೆ ಬಂದ ಕಥೆಯನ್ನು ಅಜ್ಜಿಯರು ಇನ್ನೂ ಹೇಳಲಿ. ಆ ಕಥೆಗೆ ಅಯಸ್ಕಾಂತದ ಸಾಕ್ಷ್ಯ ಬೇಕಿಲ್ಲ.

ಆದರೆ ಅಷ್ಟಕ್ಕೇ ಕಡತವನ್ನು ಮುಚ್ಚುವಂತಿಲ್ಲ. 1982ರಲ್ಲಿ ಮ್ಯಾಡ್ರಿಡ್‌ನ ಹೋಸೆ ಡೆಲ್ಗಾಡೊ ಮತ್ತು ಸಂಗಡಿಗರು, ದುರ್ಬಲವಾದ ಮಿಡಿತದ ಕಾಂತಕ್ಷೇತ್ರದಲ್ಲಿಟ್ಟ ಕೋಳಿಮೊಟ್ಟೆಗಳೊಳಗಿನ ಭ್ರೂಣದ ಬೆಳವಣಿಗೆ ಕೆಟ್ಟಿತೆಂದು ವರದಿ ಮಾಡಿದರು. ಮಾತು ಗಂಭೀರವಾದುದರಿಂದ ಆರು ಪ್ರಯೋಗಾಲಯಗಳು ಒಂದೇ ಬಗೆಯ ಉಪಕರಣದಿಂದ, ಒಂದೇ ವಿಧಾನದಿಂದ ಆ ಪರೀಕ್ಷೆಯನ್ನು ಮತ್ತೆ ಮಾಡಿದವು. 1990ರಲ್ಲಿ ಫಲಿತಾಂಶ ಬಂದಿತು. ಕ್ಷೇತ್ರದಲ್ಲಿದ್ದ ಮೊಟ್ಟೆಗಳಲ್ಲಿ ವೈಕಲ್ಯ ಹೆಚ್ಚೆಂದು ಐದು ಕಡೆ ಕಂಡಿತು; ಆದರೆ ಆಕಸ್ಮಿಕವೆಂದು ತಳ್ಳಿಹಾಕಲಾಗದಷ್ಟು ಅಂತರ ಇದ್ದುದು ಎರಡೇ ಕಡೆ. ಎಲ್ಲವನ್ನೂ ಕೂಡಿಸಿದಾಗ ಕ್ಷೇತ್ರದಲ್ಲಿದ್ದವುಗಳಲ್ಲಿ ಸುಮಾರು 25 ಪ್ರತಿಶತ, ಇಲ್ಲದವುಗಳಲ್ಲಿ ಸುಮಾರು 19 ಪ್ರತಿಶತ. ‘ಏನೂ ಇಲ್ಲ’ ಎನ್ನುವವರಿಗೂ ‘ಸರ್ವನಾಶ’ ಎನ್ನುವವರಿಗೂ ಈ ಅಂಕಿಗಳು ಒಪ್ಪುವಂಥವಲ್ಲ.

ಬಲವಾದ ಕ್ಷೇತ್ರದ ಕಥೆ ಇದಕ್ಕಿಂತ ಸ್ಪಷ್ಟ. ಕಪ್ಪೆಯ ಮೊಟ್ಟೆ ಮೊದಲೆರಡು ಸಲ ಲಂಬವಾಗಿ ಸೀಳಿ, ಮೂರನೆಯ ಸಲ ಅಡ್ಡಲಾಗಿ ಸೀಳುತ್ತದೆ. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 16.7 ಟೆಸ್ಲಾವರೆಗಿನ ಲಂಬ ಕ್ಷೇತ್ರದಲ್ಲಿಟ್ಟಾಗ ಆ ಮೂರನೆಯ ಸೀಳು ಕೂಡ ಲಂಬವಾಯಿತು. ಕೋಶ ಒಡೆಯುವಾಗ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮನಾಳಿಕೆಗಳೇ ಕ್ಷೇತ್ರದ ದಿಕ್ಕಿಗೆ ತಿರುಗಿರಬೇಕೆಂದು ಸಂಶೋಧಕರು ತರ್ಕಿಸಿದರು. ಆದರೆ ಆ ಬಲ ನಾವಿರುವೆಡೆಯ ಭೂಮಿಯ ಕ್ಷೇತ್ರಕ್ಕಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಹೆಚ್ಚು. ಪ್ರಭಾವ ಯಾವಾಗಲೂ ಕೆಡುಕಿನದೇ ಎಂದೂ ಇಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಅನಂತ ವಶಿಷ್ಠ ಮತ್ತು ಶಾಂತಾ ನಾಗರಾಜನ್, ಬಿತ್ತುವ ಮುನ್ನ ಒಂದೆರಡು ಗಂಟೆ ಕಾಂತಕ್ಷೇತ್ರದಲ್ಲಿಟ್ಟ ಕಡಲೆ ಬೀಜಗಳು ಹೆಚ್ಚು ಚೆನ್ನಾಗಿ ಮೊಳೆತವೆಂದು 2008ರಲ್ಲಿ ಪ್ರಕಟಿಸಿದರು.

ಕೊಲಾಬಾದ ಕಥೆ ಜರ್ಮನಿಯಲ್ಲಿ ಹಕ್ಕಿಯ ರೂಪದಲ್ಲಿ ಮರುಕಳಿಸಿತು. ಓಲ್ಡನ್‌ಬರ್ಗ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ವಲಸೆಯ ರಾಬಿನ್ ಹಕ್ಕಿಗಳು ದಿಕ್ಕು ಹಿಡಿಯಲಾರದೆ ತಬ್ಬಿಬ್ಬಾಗುತ್ತಿದ್ದವು. ಗುಡಿಸಲಿಗೆ ಅಲ್ಯೂಮಿನಿಯಂ ಹೊದಿಸಿ ಭೂಸ್ಪರ್ಶ ಕೊಟ್ಟೊಡನೆ ಅವು ದಿಕ್ಕು ಕಂಡುಕೊಂಡವು. ನಗರದ ವಿದ್ಯುತ್ ಉಪಕರಣಗಳು ಹೊಮ್ಮಿಸುವ ಗದ್ದಲ ಹಕ್ಕಿಯ ಒಳಸೂಜಿಯನ್ನು ಕೆಡಿಸುತ್ತದೆಂದು 2014ರಲ್ಲಿ ಪ್ರಕಟವಾಯಿತು. ಮೂಸರ ಸೂಜಿಗೆ ಅಲಿಬಾಗ್ ಇತ್ತು. ಹಕ್ಕಿಗೆ ಹೋಗಲು ಅಲಿಬಾಗ್ ಎಲ್ಲಿದೆ?

ಇನ್ನು ತಂಗಿಯ ಪ್ರಶ್ನೆ. 1979ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನ್ಯಾನ್ಸಿ ವರ್ತೈಮರ್ ಮತ್ತು ಎಡ್ ಲೀಪರ್, ವಿದ್ಯುತ್ ತಂತಿಗಳ ಬಳಿಯ ಮನೆಗಳಿಗೂ ಮಕ್ಕಳ ಕ್ಯಾನ್ಸರಿಗೂ ನಂಟನ್ನು ಗುರುತಿಸಿದರು. ಮುಂದಿನ ಅಧ್ಯಯನಗಳನ್ನು ತೂಗಿ ನೋಡಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಇಂತಹ ಕ್ಷೇತ್ರಗಳನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು’ ಎಂಬ ವರ್ಗಕ್ಕೆ ಸೇರಿಸಿತು. ನಂಟು ಕಂಡದ್ದು ಸರಾಸರಿ 0.3–0.4 ಮೈಕ್ರೋಟೆಸ್ಲಾಕ್ಕೂ ಹೆಚ್ಚಿನ ಕ್ಷೇತ್ರವಿದ್ದ ಕೆಲವೇ ಮನೆಗಳಲ್ಲಿ. ಕ್ಷೇತ್ರವೇ ಕಾರಣವೆಂದು ಸಿದ್ಧವಾಗಿಲ್ಲ. ಗರ್ಭ ಮತ್ತು ಭ್ರೂಣದ ಮೇಲಿನ ಪರಿಣಾಮಕ್ಕೆ ದೊರೆತಿರುವ ಪುರಾವೆ ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆದ್ದರಿಂದ ನಿದ್ದೆಗೆಡುವ ಕಾರಣವಿಲ್ಲ. ಆದರೆ ತಂತಿಯಿಂದ ದೂರ ಸರಿದಂತೆ ಕ್ಷೇತ್ರ ಬೇಗನೆ ಕುಗ್ಗುತ್ತದೆ. ಮಂಚವನ್ನು ಆಚೆಯ ಕೋಣೆಗೆ ಸರಿಸುವುದಕ್ಕೆ ಖರ್ಚೇನೂ ಇಲ್ಲ. ತಲೆ ಯಾವ ದಿಕ್ಕಿಗಾದರೂ ಇರಲಿ.

ಇಷ್ಟನ್ನೂ ಫೋನಿನಲ್ಲಿ ಹೇಳಿದಾಗ ಅವಳು ನಕ್ಕು, ಮಂಚವನ್ನು ಆಗಲೇ ಸರಿಸಿಯಾಯಿತೆಂದಳು. ನಮಗೆ ಮೂಸರು ನೆನಪಾದರು. ಅವರು ಟ್ರಾಮನ್ನು ಶಪಿಸಲಿಲ್ಲ, ಸೂಜಿ ಸುಮ್ಮನೆ ಅಲುಗುತ್ತಿದೆಯೆಂದು ಕಡೆಗಣಿಸಲೂ ಇಲ್ಲ. ಎರಡು ವರ್ಷ ಎರಡೂ ಕಡೆ ಅಳೆದು, ಆಮೇಲೆ ಜಾಗ ಬದಲಿಸಿದರು. ಮೆಟ್ರೋ ಕಂಬಗಳ ನಡುವೆ ಬಾಳು ಕಟ್ಟಿಕೊಂಡಿರುವ ನಮಗೂ ಅದೇ ಹಾದಿ ಸಾಕು.