ಒಂದು ಹಾಸಿಗೆಯಿಂದ ಕಾಲೇಜಿನವರೆಗೆ



ಎಷ್ಟೋ ಊರುಗಳಲ್ಲಿ ಹೆರಿಗೆಗೆ ನಮ್ಮ ಕೇರಿಯ ಅಜ್ಜಿಯರ ಕೈಯೇ ಬೇಕಿತ್ತು. ಮಗು ಹುಟ್ಟಿದ ಮೇಲೆ ಅದೇ ಕೈ ಮೈಲಿಗೆ! ಇವರನ್ನು ಓದಿಸಿ ಡಾಕ್ಟರು ಮಾಡೋಣ ಅಂತ ಊರು ಅನ್ನಲಿಲ್ಲ.

ಹೆಂಗಸರ ಕೈಗೆ ಡಾಕ್ಟರಿಕೆ ಹೇಗೆ ಬಂತು? ನಮ್ಮ ರಾಜ್ಯದ ವೆಲ್ಲೂರನ್ನೇ ನೋಡಿ. 1890ರ ಸುಮಾರಿಗೆ ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಹೆಂಗಸರು ಹೆರಿಗೆಯಲ್ಲಿ ತೀರಿಕೊಂಡರು. ಗಂಡು ಡಾಕ್ಟರು ಮುಟ್ಟಬಾರದು ಅಂತ ಗಂಡಂದಿರು ಬಿಟ್ಟಿರಲಿಲ್ಲ. ಅದನ್ನು ಕಂಡ ಐಡಾ ಸ್ಕಡರ್ ಅಮೆರಿಕದಲ್ಲಿ ಓದಿ ಡಾಕ್ಟರಾಗಿ ಬಂದರು. ಅವರು ಒಂದೇ ಸಲಕ್ಕೆ ಕಾಲೇಜು ಕಟ್ಟಲಿಲ್ಲ. 1900ರಲ್ಲಿ ಒಂದು ಹಾಸಿಗೆಯ ದವಾಖಾನೆ, 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ, 1909ರಲ್ಲಿ ನರ್ಸ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗೇ ಮೆಡಿಕಲ್ ಶಾಲೆ. 1922ರಲ್ಲಿ ಮೊದಲ 14 ಮಂದಿ ಪಾಸಾದರು. 1942ರಲ್ಲಿ ಎಂ.ಬಿ.ಬಿ.ಎಸ್. ಓದು ಶುರುವಾಯಿತು.

ನಾವೂ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. 2020ರ ಕಾನೂನಿನಂತೆ ತಮಿಳುನಾಡಿನಲ್ಲಿ 6ರಿಂದ 12ರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿ ನೀಟ್ ಪಾಸಾದವರಿಗೆ ಮೆಡಿಕಲ್ ಸೀಟಿನಲ್ಲಿ ಶೇ. 7.5 ಒಳಮೀಸಲಾತಿ ಇದೆ. ಅಂದರೆ ನಮ್ಮ ಹುಡುಗಿಯ ಲೆಕ್ಕ ಆರನೇ ಕ್ಲಾಸಿನಿಂದಲೇ ಶುರು. ನಡುವೆ ಬಿಡಿಸಿ ಮಿಲ್ಲಿಗೆ ಕಳಿಸಬೇಡಿ. ಅಜ್ಜಿಗೆ ಸಿಗದ ಸ್ಟೆತಸ್ಕೋಪು ಮೊಮ್ಮಗಳ ಕೊರಳಿಗೆ ಬೀಳಲಿ.

ಜೈ ಭೀಮ್.