ಊರೊಳಗಿನ ಮೈದಾನ, ಊರಾಚೆಯ ಮೈದಾನ

1974ರ ನವೆಂಬರಿನಲ್ಲಿ ನಾವು ನಾಲ್ವರು ಗೆಳೆಯರು ತುಮಕೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದು, ನಿಲ್ದಾಣದಿಂದ ಕಬ್ಬನ್ ಉದ್ಯಾನದ ಮೂಲಕ ಕಾಲ್ನಡಿಗೆಯಲ್ಲಿಯೇ ಕ್ರೀಡಾಂಗಣವನ್ನು ತಲುಪಿದ್ದೆವು. ಇಂದು ಚಿನ್ನಸ್ವಾಮಿಯವರ ಹೆಸರನ್ನು ಹೊತ್ತಿರುವ ಆ ಮೈದಾನದಲ್ಲಿ ನಡೆದ ಮೊದಲ ಟೆಸ್ಟ್ ಪಂದ್ಯವದು. ಕಟ್ಟಡದ ಕೆಲಸ ಇನ್ನೂ ಮುಗಿದಿರಲಿಲ್ಲ. ವೆಸ್ಟ್ ಇಂಡೀಸಿನ ಗ್ರೀನಿಜ್, ರಿಚರ್ಡ್ಸ್ ಇಬ್ಬರಿಗೂ ಅದು ಮೊದಲ ಟೆಸ್ಟ್. ರಿಚರ್ಡ್ಸ್ ಎರಡು ಸರದಿಯಲ್ಲಿಯೂ ನಮ್ಮ ಚಂದ್ರಶೇಖರರಿಗೇ ಬಲಿಯಾದರು. (ನಾವು ಸೋತೆವೆಂಬುದು ಬೇರೆ ಮಾತು!)

2025ರ ಜೂನ್ 4ರಂದು ಅದೇ ಕ್ರೀಡಾಂಗಣದ ಹೊರಗೆ, ಐಪಿಎಲ್ ವಿಜಯೋತ್ಸವದ ಕಾಲ್ತುಳಿತದಲ್ಲಿ, 11 ಮಂದಿ ಸತ್ತರು. ನಿಮ್ಮಲ್ಲಿ ಹಲವರ ಮಕ್ಕಳ ವಯಸ್ಸಿನವರು. ಮೈದಾನವನ್ನೇ ಊರಾಚೆಗೆ ಕಳುಹಿಸಬೇಕೆಂಬ ಕೂಗು ಆಗ ಎದ್ದಿತು. ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣದ ಯೋಜನೆಗೆ ಸರ್ಕಾರವು ಅದೇ ವರ್ಷ ಒಪ್ಪಿಗೆ ನೀಡಿತು.

ನನಗೆ ಇಲ್ಲಿ ಮುಂಬಯಿ ನೆನಪಾಗುತ್ತದೆ. ನಾವು ಕಂಡ ಆ ಸರಣಿಯ ಕೊನೆಯ ಟೆಸ್ಟ್ 1975ರ ಜನವರಿಯಲ್ಲಿ ವಾಂಖೆಡೆಯಲ್ಲಿ ನಡೆಯಿತು. ಆ ಮೈದಾನಕ್ಕೂ ಅದೇ ಮೊದಲ ಟೆಸ್ಟ್. ಅದು ನಗರದ ನಟ್ಟನಡುವೆ, ಚರ್ಚ್‌ಗೇಟ್ ರೈಲು ನಿಲ್ದಾಣದ ಪಕ್ಕದಲ್ಲಿದೆ. ಡಿ.ವೈ. ಪಾಟೀಲ್ ಕ್ರೀಡಾಂಗಣವಾದರೋ ಬಹುದೂರದ ನವಿ ಮುಂಬಯಿಯ ನೆರೂಲಿನಲ್ಲಿದೆ. ಅಲ್ಲಿಗೂ ಲೋಕಲ್ ರೈಲು ಹೋಗುತ್ತದೆ. ಜೂನ್ ದುರಂತದ ಬಳಿಕ ಬೆಂಗಳೂರಿನಿಂದ ತಪ್ಪಿಹೋದ ಮಹಿಳಾ ವಿಶ್ವಕಪ್ ಪಂದ್ಯಗಳಲ್ಲಿ ಕೆಲವು ನಡೆದದ್ದು ಅಲ್ಲಿಯೇ. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಕಪ್ ಎತ್ತಿದ್ದೂ ಅಲ್ಲಿಯೇ. ಒಂದು ಊರೊಳಗೆ, ಇನ್ನೊಂದು ಊರಾಚೆ. ಎರಡನ್ನೂ ರೈಲು ಕಾಪಾಡುತ್ತಿದೆ.

ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಗೂ ಈಗ ಮೆಟ್ರೋ ಬರುತ್ತದೆ. ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವೂ 2025ರ ಆಗಸ್ಟಿನಲ್ಲಿ ತೆರೆಯಿತು. ಆದರೆ 80,000 ಜನ ಏಕಕಾಲಕ್ಕೆ ಹೊರಬಿದ್ದರೆ ಒಂದು ಮೆಟ್ರೋ ಮಾರ್ಗ, ಒಂದು ಹೊಸೂರು ರಸ್ತೆ ಸಾಕಾದೀತೆ? ಆ 11 ಮಂದಿ ಸತ್ತದ್ದು ಆಸನಗಳಲ್ಲಲ್ಲ, ಬಾಗಿಲುಗಳ ಹೊರಗೆ. ಬಾಗಿಲು ಯಾವಾಗ ತೆರೆಯುವುದು, ಎಷ್ಟು ಜನರನ್ನು ಬಿಡುವುದು ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಸೂರ್ಯನಗರದ ಬಯಲೂ ಇಕ್ಕಟ್ಟೇ. ಅಲ್ಲಿ ಆಸ್ಪತ್ರೆಗೆ ಎಷ್ಟು ದೂರವೆಂಬುದನ್ನೂ ಕೇಳಿಕೊಳ್ಳಬೇಕು.

ಆದ್ದರಿಂದ ಪಂದ್ಯಗಳು ಹಳೆಯ ಜಾಗದಲ್ಲಿಯೇ, ಟಿಕೆಟಿನ ಲೆಕ್ಕದಲ್ಲಿಯೇ ನಡೆಯಲೆಂಬುದು ನನ್ನ ಮತ. ಲೆಕ್ಕವಿಲ್ಲದ ಜನರನ್ನು ಕರೆಯುವ ಉತ್ಸವಗಳು ಅಲ್ಲಿ ಬೇಡ. ಆನೇಕಲ್ ಕಡೆ ನೆಲೆಸಿರುವ ಶಿಷ್ಯರು ನನ್ನೊಡನೆ ಜಗಳವಾಡಬಹುದು, ಪತ್ರ ಬರೆಯಿರಿ.